ಮಾಡದ ಉಪವಾಸಕ್ಕೆ ಪಾರಣೆ

ಸೀರೆಯ ನೆರಿಗೆ ಹಿಡಿದು ಕನ್ನಡಿಯೆದುರು ನಿಂತಿದ್ದಾಗ ತ್ರಿಶಲೆಯ ತಲೆಯಲ್ಲಿದ್ದದ್ದು ಬಸದಿಯೂ ಅಲ್ಲ, ಪಾರಣೆಯೂ ಅಲ್ಲ. ಬಸದಿಯ ಪಕ್ಕದ ಸಭಾಭವನದಲ್ಲಿ ಪಾಯಿಖಾನೆ ಯಾವ ಕಡೆಗಿದೆ ಎಂಬ ಒಂದೇ ಪ್ರಶ್ನೆ. ವೇದಿಕೆಯ ಹಿಂದೆಯೋ, ಅಡುಗೆಮನೆಯ ಆಚೆಯೋ? ಯಾರದೋ ನಾಮಕರಣಕ್ಕೆ ಹಿಂದೊಮ್ಮೆ ಅಲ್ಲಿಗೆ ಹೋಗಿದ್ದಳು, ಉಂಡಿದ್ದಳು, ಕೈ ತೊಳೆದು ಬಂದಿದ್ದಳು. ಆದರೆ ಆಗ ಅವಳೂ ಎಲ್ಲರ ಹಾಗೆ ಇದ್ದವಳು, ಒಂದು ಕಟ್ಟಡದೊಳಗೆ ಕಾಲಿಟ್ಟ ಕೂಡಲೇ ಅದನ್ನೇ ಹುಡುಕುವ ಕಣ್ಣು ಆಗಿನ್ನೂ ಹುಟ್ಟಿರಲಿಲ್ಲ. ಈ ಎರಡು ವರ್ಷದಲ್ಲಿ ಹೊಸನಗರವೇ ಅವಳ ಪಾಲಿಗೆ ಬೇರೆ ಊರಾಗಿಬಿಟ್ಟಿತ್ತು. ಜನ ಇಲ್ಲಿ ಬಟ್ಟೆ ಅಂಗಡಿ, ಅಲ್ಲಿ ಬ್ಯಾಂಕು ಎಂದು ಗುರುತಿಟ್ಟುಕೊಂಡರೆ ಅವಳು ಯಾವ ಮನೆಯ ಹಿತ್ತಿಲ ಬಾಗಿಲು ತಟ್ಟಬಹುದು, ಯಾವ ಹೋಟೆಲಿನವನು ಮುಖ ಸಿಂಡರಿಸದೆ ಒಳಗೆ ಬಿಡುತ್ತಾನೆ ಎಂದು ಗುರುತಿಟ್ಟುಕೊಂಡಿದ್ದಳು. ಶಿವಮೊಗ್ಗದ ಡಾಕ್ಟರ ಹತ್ತಿರ ಹೋಗಬೇಕಾದಾಗ ನೇರ ಬಸ್ಸು ಬಿಟ್ಟು ಸಾಗರಕ್ಕೆ ಹೋಗುತ್ತಿದ್ದಳು, ಅಲ್ಲಿ ತಾಳಗುಪ್ಪದಿಂದ ಬರುವ ರೈಲು ಹತ್ತುತ್ತಿದ್ದಳು. ರೈಲಿನಲ್ಲಿ ಪಾಯಿಖಾನೆ ಇದೆ ಎಂಬುದೊಂದೇ ಕಾರಣ. 'ಸುತ್ತು ಹಾಕ್ಕೊಂಡು ಯಾಕೆ ಸಾಯ್ತೀಯ' ಎಂದು ಗಂಡ ಜಯಕೀರ್ತಿ ರೇಗಿದ್ದ. ಸಾಗರದವರೆಗಿನ ಬಸ್ಸಾದರೂ ಬಿಟ್ಟಿತೇ? ಬಟ್ಟೆಮಲ್ಲಪ್ಪ ದಾಟಿದ ಮೇಲೆ ಒಂದು ದಿನ ತಡೆಯಲಾರದೆ ಎದ್ದು ಕಂಡಕ್ಟರನ ಹತ್ತಿರ ಮೆಲ್ಲಗೆ ಹೇಳಿದ್ದಳು. ಅವನು ಸೀಟಿ ಊದಿ, 'ಲೇಡೀಸ್ ಒಬ್ರಿಗೆ ಅರ್ಜೆಂಟಂತೆ, ಸೈಡಿಗ್ ಹಾಕಣ್ಣಾ' ಎಂದು ಡ್ರೈವರನಿಗೆ ಕೂಗಿದ. ಅವಳು ಮರಗಳ ಮರೆಯಿಂದ ತಿರುಗಿ ಬಂದಾಗ ಇಡೀ ಬಸ್ಸು ಆಚೆ ಬದಿಯ ಕಿಟಕಿಯಿಂದ ಹೊರಗೆ ನೋಡುತ್ತ ಕೂತಿತ್ತು, ಅದು ಮರ್ಯಾದೆಯಂತೆ.

'ಆಯ್ತಾ ತ್ರಿಶಲಾ? ಹರ್ಷಣ್ಣ ಕಾರು ಕಳ್ಸಿದಾನೆ,' ಎಂದು ಅತ್ತೆ ಪದ್ಮಲತಮ್ಮ ಒಳಗೆ ಬಂದು ಸೊಸೆಯ ಜಡೆಗೆ ತಾವೇ ಹೂ ಸಿಕ್ಕಿಸತೊಡಗಿದರು.

'ಅತ್ತೆ, ನನ್ ಕೈಲಿ ಆಗಲ್ಲ. ಹೋಗಿ ನಿಜ ಹೇಳಿಬಿಡೋಣ.'

'ಇವತ್ತೊಂದಿನ. ಕೂತ್ಕೊಳೋದು, ಒಂದು ಗುಟುಕು ಕುಡಿಯೋದು, ಎದ್ದು ಬರೋದು. ಅಷ್ಟೆ.'

ಹತ್ತು ದಿನವೂ ಹೀಗೆ 'ಅಷ್ಟೆ' ಎನ್ನುತ್ತಲೇ ಕಳೆದಿದ್ದವು. ದಶಲಕ್ಷಣ ಪರ್ವದ ಹತ್ತು ದಿನ ಊರಿನ ಜೈನರ ಮನೆಗಳಲ್ಲಿ ಪೂಜೆ, ಒಪ್ಪೊತ್ತು, ಉಪವಾಸ. ಗಟ್ಟಿ ಜೀವದ ಯಾರೋ ಒಬ್ಬರು ಹತ್ತೂ ದಿನ ಕಾಸಿದ ನೀರೊಂದರ ಮೇಲೆ ಇದ್ದುಬಿಡುತ್ತಾರೆ, ಅಂಥವರನ್ನು ಮಾರನೆಯ ದಿನ ಎಲ್ಲರೆದುರು ಕೂರಿಸಿ, ಕಬ್ಬಿನ ಹಾಲು ಕುಡಿಸಿ ಪಾರಣೆ ಮಾಡಿಸುತ್ತಾರೆ. ತ್ರಿಶಲೆ ಪರ್ವಕ್ಕೆ ಮೊದಲೇ ಕಾಯಿಲೆಯ ರಜೆಗೆ ಬರೆದುಕೊಟ್ಟು ಮನೆ ಸೇರಿದ್ದಳು. ಮೊದಲ ದಿನ ಬಸದಿಯಲ್ಲಿ ಅವಳನ್ನು ಕಾಣದೆ ಬಸದಿ ಸಮಿತಿಯ ಹರ್ಷವರ್ಧನರ ಹೆಂಡತಿ ಪದ್ಮಶ್ರೀ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ವಿಚಾರಿಸಲು ಬಂದಳು. ಆ ಹೊತ್ತಿಗೆ ತ್ರಿಶಲೆ ಜಗಲಿಗೆ ತಾಗಿದ ಪಾಯಿಖಾನೆಯಲ್ಲಿದ್ದಳು. ಗವಾಕ್ಷಿಯಿಂದ ಜಗಲಿಯ ಮಾತೆಲ್ಲ ಕೇಳುತ್ತಿತ್ತು. 'ತುಂಬ ಇಳಿದು ಹೋಗಿದಾಳಂತಲ್ಲ ಅಕ್ಕ? ಆಫೀಸಿಗೂ ರಜ ಹಾಕಿದಾಳಂತೆ?' ಅತ್ತೆ ಒಂದು ಗಳಿಗೆ ಸುಮ್ಮನಿದ್ದರು. ಆ ಮೌನದಲ್ಲಿ ತ್ರಿಶಲೆ, ಹೇಳುತ್ತಾರೆ, ಈಗ ಹೇಳುತ್ತಾರೆ, ಎಂದು ಹೊಟ್ಟೆ ಹಿಡಿದು ಕಾದಳು. 'ಹತ್ತು ದಿನದ್ದು ಹಿಡಿದಿದಾಳೆ. ಯಾರಿಗೂ ಹೇಳ್ಬೇಡಿ ಅಂದಿದ್ಲು,' ಎಂದರು ಅತ್ತೆ. ಹೊರಗೆ 'ಅಯ್ಯೋ ಪುಣ್ಯವಂತೆ' ಎಂಬ ಉದ್ಗಾರಗಳು. ಕೂಗಿ ಸುಳ್ಳು ಎನ್ನಬೇಕೆನ್ನಿಸಿತು. ಆದರೆ ಅಂಥ ಜಾಗದಲ್ಲಿ ಕೂತು, ಅಂಥ ಸ್ಥಿತಿಯಲ್ಲಿ, ಯಾರು ತಾನೇ ಕೂಗಿಯಾರು? ತೊಳೆದು, ನೀರು ಹಾಕಿ, ಕನ್ನಡಿಯಲ್ಲಿ ಮುಖ ನೋಡಿಕೊಂಡು ಅವಸರವಸರವಾಗಿ ಬರುವಷ್ಟರಲ್ಲಿ ಅವರು ಹೋಗಿಯಾಗಿತ್ತು. ಜಗಲಿಯ ಮೇಲೆ ಒಂದು ಮಾರು ಸೇವಂತಿಗೆ ಬಿಟ್ಟುಹೋಗಿದ್ದರು.

'ಯಾಕ್ ಸುಳ್ಳು ಹೇಳಿದ್ರಿ?' ಎಂದು ಕೇಳಿದ್ದಕ್ಕೆ ಅತ್ತೆ, 'ಮತ್ತೇನಂತ ಹೇಳ್ಲಿ? ಸೊಸೆ ದಿನಾ ಪಾಯಿಖಾನೇಲಿ ಇರ್ತಾಳೆ, ರಕ್ತ ಹೋಗತ್ತೆ ಅಂತ್ಲಾ? ನಿನ್ ಮಾನ ಉಳ್ಸೋಕೇ ಹೇಳಿದ್ದು,' ಎಂದರು. ಕಾಯಿಲೆಯಾದದ್ದರಿಂದ ಮಾನ ಹೋಗುತ್ತದೆ ಎಂದು ಇವರಿಗೆಲ್ಲ ಯಾರು ಹೇಳಿಕೊಟ್ಟರು? ಎದೆಗೆ ಬಂದಿದ್ದರೆ ಹೇಳಬಹುದಿತ್ತು, ಮಂಡಿಗೆ ಬಂದಿದ್ದರೆ ಊರೆಲ್ಲ ಎಣ್ಣೆಯ ಹೆಸರು ಹೇಳುತ್ತಿತ್ತು. ದೊಡ್ಡ ಕರುಳಿಗೆ ಹುಣ್ಣು ಬಂದದ್ದೇ ಅವಳ ತಪ್ಪು. ಸಿಟ್ಟು ಬಂತು, ಆದರೆ ಅತ್ತೆಯ ಮೇಲೆ ಆ ಸಿಟ್ಟು ಪೂರ್ತಿ ನಿಲ್ಲುತ್ತಲೂ ಇರಲಿಲ್ಲ. ರಾತ್ರಿ ಉಣ್ಣಬಾರದೆಂಬ ನೇಮ ಹಿಡಿದು, ಹೊತ್ತು ಮುಳುಗಿದ ಮೇಲೆ ಜೀವಮಾನದಲ್ಲೇ ಒಲೆ ಹಚ್ಚದ ಹೆಂಗಸು ಅದು. ಗಂಡ ಸತ್ತ ವರ್ಷ ಜ್ವರ ಬಂದು ಮಲಗಿದ್ದಾಗಲೂ ಕತ್ತಲಾದ ಮೇಲೆ ಒಂದು ಹನಿ ನೀರು ಮುಟ್ಟಿರಲಿಲ್ಲವಂತೆ. ಅಂಥವರು ಈ ಹತ್ತೂ ದಿನ, ಪರ್ವದ ದಿನಗಳಲ್ಲೇ, ಮಾತ್ರೆಯನ್ನು ಬರೀ ಹೊಟ್ಟೆಗೆ ನುಂಗಬಾರದೆಂದು ಡಾಕ್ಟರು ಹೇಳಿದ್ದಕ್ಕೆ, ಸಂಜೆ ಕಳೆದ ಮೇಲೆ ಅಡುಗೆಮನೆಯ ಕಿಟಕಿ ಮುಚ್ಚಿ, ಗ್ಯಾಸ್ ಹಚ್ಚಿ, ಗಂಜಿ ಕಾಸಿ, ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದರು. 'ಪಾಪ ಬಂದ್ರೆ ನಂಗಿರ್ಲಿ, ನೀ ಕುಡಿ.' ಆ ಗಂಜಿಯನ್ನು ಬೈಯುತ್ತ ಕುಡಿಯುವುದು ಹೇಗೆ? ಬೈಯದೆ ಕುಡಿಯುವುದಾದರೂ ಹೇಗೆ?

ಇನ್ನೊಂದಿತ್ತು, ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತಿತ್ತು. ಮೂರನೆಯ ದಿನದಿಂದ ಹೆಂಗಸರು ಬಂದು ಅವಳ ಕಾಲು ಮುಟ್ಟತೊಡಗಿದ್ದರು. ಪುಣ್ಯದಲ್ಲಿ ಅವರಿಗೂ ಪಾಲು ಬೇಕಂತೆ. ಬಸದಿಯ ಪೂಜೆ ಮಾಡುವ ಇಂದ್ರರು ಅಭಿಷೇಕದ ಗಂಧೋದಕ ಕಳಿಸುತ್ತಿದ್ದರು. ಗುಳಿ ಬಿದ್ದ ಇದೇ ಕೆನ್ನೆ ನೋಡಿ ಆಫೀಸಿನಲ್ಲಿ 'ಡಯಟ್ಟಾ ಮೇಡಂ' ಎಂದು ನಕ್ಕಿದ್ದರು, ಈಗ ಅದೇ ಕೆನ್ನೆಯಲ್ಲಿ ತೇಜಸ್ಸು ಕಂಡವರು ಕೈ ಮುಗಿದರು. ಅವಳಿಗೆ ಹಿತವಾಗಿತ್ತು. ಹಿತವಾಗಿತ್ತು ಎನ್ನುವುದನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವಳ ಮೈಯನ್ನು ಯಾರೋ ಗೌರವದಿಂದ ನೋಡಿದ್ದರು, ಮಲಗಿದ್ದರೆ ಏಳಬೇಡ ಎಂದಿದ್ದರು, ಏನಾಗಿದೆ ನಿನಗೆ ಎಂದು ಕೇಳದೆಯೇ ಸುಧಾರಿಸಿಕೋ ಎಂದಿದ್ದರು. ಆ ಗೌರವ ಕಾಯಿಲೆಗೇ ಸಿಕ್ಕಿದ್ದರೆ ಏನು ಕೊರೆ ಬೀಳುತ್ತಿತ್ತು ಈ ಲೋಕಕ್ಕೆ? ತಾನಾಗಿ ಅನ್ನ ಬಿಟ್ಟರೆ ಕಾಲಿಗೆ ಬೀಳುತ್ತಾರೆ, ಅನ್ನವೇ ತನ್ನನ್ನು ಬಿಟ್ಟರೆ ಮುಸಿಮುಸಿ ನಗುತ್ತಾರೆ.

ಕಾರು ಹೊರಟಿತು. ಮುಂದೆ ಕೂತ ಜಯಕೀರ್ತಿ ಫೋನಿನಲ್ಲಿ ಯಾರದೋ ಅಭಿನಂದನೆಗೆ 'ಎಲ್ಲ ನಿಮ್ಮ ಆಶೀರ್ವಾದ' ಎನ್ನುತ್ತಿದ್ದ. ಅವನಿಗೂ ನಿಜ ಗೊತ್ತು. ಆದರೆ ನಿನ್ನೆಯೇ ಹೆಂಡತಿಯ ಫೋಟೋ ಸ್ಟೇಟಸ್ಸಿಗೆ ಹಾಕಿ, ಅಂಗಡಿಗೆ ಬಂದ ಗಿರಾಕಿಗಳೆಲ್ಲ ಹೊಗಳಿದ ಮೇಲೆ ಅವನೂ ಅರ್ಧ ನಂಬಿದಂತಿತ್ತು. ಅಡಿಹೊಟ್ಟೆಯಲ್ಲಿ ಸಣ್ಣಗೆ ಹಿಂಡಿತು. ಅವಳು ಕಿಟಕಿಯಾಚೆ ನೋಡಿದಳು. ಆಫೀಸು ದಾಟಿತು, ಭಾನುವಾರವಾದ್ದರಿಂದ ಷಟರ್ ಎಳೆದಿತ್ತು. ಆ ಪತ್ತಿನ ಸಹಕಾರ ಸಂಘದಲ್ಲಿ ಅವಳು ಕೌಂಟರಿನ ಗುಮಾಸ್ತೆ. ಕಾರ್ಯದರ್ಶಿ ಗೋಪಾಲಪ್ಪನವರು ಹಿತ್ತಿಲ ಪಾಯಿಖಾನೆಯನ್ನು ಸಾಲಕ್ಕೆ ಬಂದವರೆಲ್ಲ ಹೊಲಸು ಮಾಡುತ್ತಾರೆಂದು ಬೀಗ ಹಾಕಿಸಿ, ಬೀಗದ ಕೈ ತಮ್ಮ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಗಂಡಸರಿಗೆ ಕಾಂಪೌಂಡಿನ ಹಿಂಬದಿ ಇತ್ತು. ಹಾಗಾಗಿ ಆ ಬೀಗದ ಕೈ ಬೇಕಾಗುತ್ತಿದ್ದದ್ದು ಅವಳೊಬ್ಬಳಿಗೇ. ಪ್ರತಿ ಸಲವೂ ಹೋಗಿ ಮೇಜಿನೆದುರು ನಿಲ್ಲಬೇಕು. ಅವರು ಯಾರ ಜೊತೆಗೋ ಅಡಿಕೆ ಧಾರಣೆ ಮಾತಾಡುತ್ತ, ಕಣ್ಣಲ್ಲೇ ತಡಿ ಎಂದು ಸನ್ನೆ ಮಾಡಿ, ಮಾತು ಮುಗಿಸಿ, 'ಮತ್ತೆ ಬಂತಾ ತ್ರಿಶಲಮ್ಮ?' ಎಂದು ಜೇಬಿಗೆ ಕೈ ಹಾಕುವರು. ಪಕ್ಕದ ಮೇಜಿನ ಉಮೇಶ್ ಕಂಪ್ಯೂಟರಿನಲ್ಲಿ ಮುಖ ಹುದುಗಿಸುವನು. ಒಂದು ದಿನ ಗೋಪಾಲಪ್ಪನವರು ಮೀಟಿಂಗೆಂದು ತೀರ್ಥಹಳ್ಳಿಗೆ ಹೋಗಿದ್ದರು, ಬೀಗದ ಕೈಯೂ ಅವರ ಜೇಬಿನಲ್ಲಿ ತೀರ್ಥಹಳ್ಳಿಗೆ ಹೋಗಿತ್ತು. ಆ ದಿನ ಅವಳು ಸೆರಗನ್ನು ಸೊಂಟಕ್ಕೆ ಸುತ್ತಿ, ಹಿಂದಿನ ಓಣಿ ಹಿಡಿದು, ಗೋಡೆಗೆ ಅಂಟಿಕೊಂಡು ಮನೆಯವರೆಗೆ ನಡೆದದ್ದನ್ನು ಇಂದಿಗೂ ಯಾರಿಗೂ ಹೇಳಿಲ್ಲ. ಹೇಳದೆ ಮನೆಗೆ ಹೋದದ್ದಕ್ಕೆ 'ಒಂದು ಫೋನ್ ಮಾಡೋದಲ್ವಾ' ಎಂದಿದ್ದರು ಗೋಪಾಲಪ್ಪನವರು ಮಾರನೆಯ ದಿನ. ಫೋನ್ ಮಾಡಿದ್ದರೆ ಏನು ಮಾಡುತ್ತಿದ್ದರು, ತೀರ್ಥಹಳ್ಳಿಯಿಂದ ಬಾಗಿಲು ತೆಗೆಯುತ್ತಿದ್ದರೇ?

ರಜೆ ಕೇಳಿದಾಗಲೂ ಅಷ್ಟೇ. ದೀಪಾವಳಿ ಕಳೆಯುವ ತನಕ ಚಿಕಿತ್ಸೆ, ವಿಶ್ರಾಂತಿ ಎರಡೂ ಆಗಲೇಬೇಕು, ಇಲ್ಲದಿದ್ದರೆ ಕರುಳನ್ನೇ ಕತ್ತರಿಸಬೇಕಾದೀತು ಎಂದು ಡಾಕ್ಟರು ಸ್ಪಷ್ಟವಾಗಿ ಬರೆದಿದ್ದರು. ಗೋಪಾಲಪ್ಪನವರು ಅದನ್ನು ಉಮೇಶನಿಗೂ ಕೇಳುವಂತೆ ಓದಿ, ಕನ್ನಡಕ ತೆಗೆದು, 'ಕರುಳು ಯಾರಿಗಿಲ್ಲ ಹೇಳಿ? ನಮ್ಮನೇಲೂ ಹೆಂಗಸ್ರಿದಾರೆ. ಹೊಟ್ಟೆನೋವು ಅಂದ್ರೆ ಒಂದ್ಲೋಟ ಕಷಾಯ ಕುಡಿದು ಕೆಲಸಕ್ಕೆ ನಿಲ್ತಾರೆ. ಡೈರೆಕ್ಟರ ಹತ್ರ ಕೇಳಿ ನೋಡ್ತೀನಿ, ನಂಬಿಕೆ ಇಟ್ಕೋಬೇಡಿ,' ಎಂದಿದ್ದರು. ಅದೇ ಗೋಪಾಲಪ್ಪನವರು ನಿನ್ನೆ ಸಂಜೆ ತಾವಾಗಿ ಫೋನ್ ಮಾಡಿದ್ದರು. ಧ್ವನಿಯಲ್ಲಿ ಬೆಣ್ಣೆ. 'ಎಂಥ ತಪಸ್ಸು ತ್ರಿಶಲಮ್ಮ! ಕಾಯಿಲೆ ಅಂತ ಯಾಕ್ ಬರೆದ್ರಿ? ವ್ರತ ಅಂದಿದ್ರೆ ನಾನೇ ಮೊದಲನೇ ದಿನ ಕೊಡ್ತಿದ್ನಲ್ಲ. ಹರ್ಷವರ್ಧನ್ ಸರ್ ಹತ್ರ ಮಾತಾಡಿದೀನಿ, ಈ ದಿನಗಳದ್ದು ವ್ರತದ ಲೆಕ್ಕಕ್ಕೆ ಹಾಕೋಣ ಅಂದ್ರು. ಆ ಕಾಯಿಲೆ ಅರ್ಜಿ ವಾಪಸ್ ತಗೊಂಡ್ಬಿಡಿ. ಸೋಮವಾರ ಬಂದ್ಬಿಡಿ.' ಹರ್ಷವರ್ಧನರು ಬಸದಿ ಸಮಿತಿಗೂ ಅಧ್ಯಕ್ಷರು, ಸಂಘಕ್ಕೂ ನಿರ್ದೇಶಕರು. ಅಂದರೆ ಮುಗಿಯಿತು. ಉಪವಾಸ ನಿಜವಾದರೆ ಕಾಯಿಲೆ ಸುಳ್ಳಾಗುತ್ತದೆ. ಕಾಯಿಲೆ ಸುಳ್ಳಾದರೆ ದೀಪಾವಳಿಯ ತನಕದ ರಜೆಯಿಲ್ಲ, ಸೋಮವಾರದಿಂದ ಮತ್ತೆ ಆ ಮೇಜು, ಆ ಜೇಬು. ಫೋನು ಕಿವಿಗಿಟ್ಟುಕೊಂಡು ಅವಳು 'ಸರ್, ನಾನು…' ಎಂದಿದ್ದಳು, ಅಷ್ಟರಲ್ಲಿ ಅವರು ನಮಸ್ಕಾರ ಹೇಳಿ ಇಟ್ಟಿದ್ದರು.

ಸಭಾಭವನ ತುಂಬಿತ್ತು. ಬಾಗಿಲಲ್ಲೇ ನಿಂತು ಎಡಕ್ಕೆ ಬಲಕ್ಕೆ ನೋಡಿದಳು. ಅಡುಗೆಮನೆಯ ಪಕ್ಕ ಒಂದು ಹಸಿರು ಬಾಗಿಲು, ಅದೇ ಇರಬೇಕು. ಅಲ್ಲಿಂದ ವೇದಿಕೆಯವರೆಗೆ ಎಷ್ಟು ಜನರನ್ನು ದಾಟಬೇಕು ಎಂದು ಕಣ್ಣು ತಾನಾಗಿ ಅಳೆಯಿತು. ಅವಳನ್ನು ಮಣೆಯ ಮೇಲೆ ಕೂರಿಸಿ, ಕೊರಳಿಗೆ ಹಾರ ಹಾಕಿ, ಹೆಂಗಸರು ಹಾಡಿದರು. ಮುಂದಿನ ಸಾಲಿನ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಗೋಪಾಲಪ್ಪನವರು ಕೈ ಮುಗಿದುಕೊಂಡೇ ಕೂತಿದ್ದರು. ಅಷ್ಟು ಭಕ್ತಿಯ ಮುಖವನ್ನು ಅವಳು ಆಫೀಸಿನಲ್ಲಿ ಒಂದು ದಿನವೂ ಕಂಡಿರಲಿಲ್ಲ. ಪದ್ಮಶ್ರೀ ಬೆಳ್ಳಿ ಲೋಟದಿಂದ ಚಮಚೆಯಲ್ಲಿ ಕಬ್ಬಿನ ಹಾಲು ಕುಡಿಸಿದಳು, ಆಮೇಲೆ ಜಯಕೀರ್ತಿ, ಆಮೇಲೆ ಯಾರ್ಯಾರೋ. ತಣ್ಣನೆಯ ಸಿಹಿ ಕೆಳಗಿಳಿದಂತೆ ಕರುಳು ಅದನ್ನು ಗುರುತು ಹಿಡಿಯಿತು. ಇನ್ನು ಹೆಚ್ಚು ಹೊತ್ತಿಲ್ಲ ಎಂದು ಅವಳಿಗೆ ಗೊತ್ತಾಯಿತು. ಮೈಕು ಹಿಡಿದ ಗೋಪಾಲಪ್ಪನವರು ಮಾತಾಡುತ್ತಲೇ ಇದ್ದರು. 'ನಮ್ಮ ಆಫೀಸಿನ ಹೆಣ್ಣುಮಗಳು, ಎರಡು ವರ್ಷದಿಂದ ನಾನು ದಿನಾ ನೋಡ್ತಿದೀನಿ, ಇಂಥ ಮನೋಬಲ ಇದೆ ಅಂತ ಗೊತ್ತೇ ಇರ್ಲಿಲ್ಲ. ರಜೆ ವಿಷಯ ಬಿಡಿ, ಅದೆಲ್ಲ ನಾವು ಸರಿ ಮಾಡಿದೀವಿ. ಸೋಮವಾರದಿಂದ ಹೊಸ ಹುರುಪಿಂದ ಕೆಲಸಕ್ಕೆ ಬರ್ತಾರೆ.' ಚಪ್ಪಾಳೆ. ಎರಡು ವರ್ಷದಿಂದ ದಿನಾ ನೋಡಿದನಂತೆ. ಎಲ್ಲಿ ನೋಡಿದೆ? ಏನು ನೋಡಿದೆ?

ಎರಡು ಮಾತು ಹೇಳಮ್ಮ ಎಂದು ಹರ್ಷವರ್ಧನರು ಮೈಕನ್ನು ಅವಳ ಬಾಯಿಗೆ ಹಿಡಿದರು. ಕೆಳಗೆ ಅತ್ತೆ ಬೇಡ ಎಂಬಂತೆ ತಲೆಯಾಡಿಸುತ್ತಿದ್ದದ್ದು ಕಂಡಿತು.

'ನಾನು ಉಪವಾಸ ಮಾಡಿಲ್ಲ,' ಎಂದಳು ತ್ರಿಶಲೆ. ತನ್ನ ಧ್ವನಿ ಗೋಡೆಗೆ ಬಡಿದು ತಿರುಗಿ ಬಂದದ್ದು ಅವಳಿಗೇ ಅಪರಿಚಿತವಾಗಿತ್ತು. 'ಹತ್ತೂ ದಿನ ಊಟ ಮಾಡಿದೀನಿ. ಕತ್ತಲಾದ ಮೇಲೆ ಗಂಜಿ ಕುಡಿದಿದೀನಿ, ಮಾತ್ರೆ ನುಂಗೋಕೆ. ನಂಗೆ ಕಾಯಿಲೆ. ರಜ ಕೇಳಿದ್ದೂ ಅದಕ್ಕೇ.'

ಹರ್ಷವರ್ಧನರ ಮುಖ ಒಮ್ಮೆ ಬಿಳಿಚಿಕೊಂಡು, ಮರುಗಳಿಗೆಯಲ್ಲಿ ನಿಧಾನವಾಗಿ ಅರಳಿತು. ಮೈಕನ್ನು ತಮ್ಮತ್ತ ತಿರುಗಿಸಿಕೊಂಡರು. 'ಕೇಳಿದ್ರಾ? ನಿಜವಾದ ತಪಸ್ವಿಗಳ ಲಕ್ಷಣ ಇದೇ. ಮಾಡಿದ್ದನ್ನ ಮಾಡಿದೀನಿ ಅಂತ ಹೇಳ್ಕೊಳಲ್ಲ. ಉತ್ತಮ ಮಾರ್ದವ ಅಂತೀವಲ್ಲ, ಅಹಂಕಾರ ಬಿಡೋದು, ಅದೇ ಇದು!' ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ಯಾರೋ ಜೈಕಾರ ಹಾಕಿದರು. ಪದ್ಮಶ್ರೀ ಕಣ್ಣೊರೆಸಿಕೊಳ್ಳುತ್ತಿದ್ದಳು, ಗೋಪಾಲಪ್ಪನವರು ಎದ್ದು ನಿಂತೇ ಕೈ ತಟ್ಟುತ್ತಿದ್ದರು. ತ್ರಿಶಲೆಗೆ ಒಂದು ಕ್ಷಣ ಕೂಗಿ ಅಳಬೇಕೆನ್ನಿಸಿತು. ಕಾಯಿಲೆ ಎಂದು ಬರೆದುಕೊಟ್ಟರೆ ನಂಬಲಿಲ್ಲ, ಬಾಯಿಬಿಟ್ಟು ಹೇಳಿದರೂ ನಂಬುವುದಿಲ್ಲ; ಇನ್ನೇನು ತೋರಿಸಬೇಕು ಇವರಿಗೆ, ಹೊಟ್ಟೆ ಬಗೆದು ತೋರಿಸಬೇಕೇ?

ಹೊಟ್ಟೆಯೇ ಆ ಕೆಲಸ ಮಾಡಿತು. ಹಗ್ಗ ಬಿಗಿದಂತೆ ಒಂದು ಸೆಳೆತ, ಬೆನ್ನು ತಣ್ಣಗೆ ಬೆವರಿತು. ಹಾರದ ಸಮೇತ ಅವಳು ಮಣೆಯಿಂದ ಎದ್ದಳು. ಎದುರಿಗೆ ಗೋಪಾಲಪ್ಪನವರ ಬಿಳಿ ಅಂಗಿ. ಯೋಚಿಸಲಿಲ್ಲ, ಎರಡು ವರ್ಷದ ಅಭ್ಯಾಸ ತಾನಾಗಿ ಮಾತಾಡಿತು. ಮೆಲ್ಲಗೆ ಕೇಳುತ್ತಿದ್ದದ್ದನ್ನು ಈ ಸಲ ಹರ್ಷವರ್ಧನರ ಕೈಯಲ್ಲಿದ್ದ ಮೈಕು ದೊಡ್ಡದಾಗಿ ಕೇಳಿತು.

'ಸರ್, ಪಾಯಿಖಾನೆ ಬೀಗದ ಕೈ ಕೊಡಿ.'

ಗೋಪಾಲಪ್ಪನವರ ಕೈಯೂ ಯೋಚಿಸಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದ ಬಲಗೈ ನಿಂತು, ಅಂಗಿಯ ಜೇಬಿಗೆ ಹೋಗಿ, ಕೆಂಪು ದಾರ ಕಟ್ಟಿದ ಬೀಗದ ಕೈಯನ್ನು ಎತ್ತಿ ಹಿಡಿಯಿತು. ಭಾನುವಾರ, ಆಫೀಸಿಗೆ ಬಾಗಿಲು ಹಾಕಿದ ದಿನ, ಹೊಸ ಅಂಗಿಯಲ್ಲೂ ಅದನ್ನು ಮರೆಯದೆ ಇಟ್ಟುಕೊಂಡು ಬಂದಿದ್ದರು. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಆಗಿ ನಿಂತಿತು. ಎಲ್ಲರೂ ಆ ಬೀಗದ ಕೈ ನೋಡಿದರು, ಗೋಪಾಲಪ್ಪನವರೂ ನೋಡಿದರು. ಗೋಡೆಯ ಬದಿ ಲೋಟ ತೊಳೆಯುತ್ತ ಕೂತಿದ್ದ ಕನ್ನಮ್ಮ ಮಾತ್ರ ಏನೂ ತಿಳಿಯದೆ, 'ಇಲ್ಲಿ ಬೀಗ ಇಲ್ರವ್ವಾ, ತೆಗ್ದೇ ಐತೆ, ಬರ್ರಿ,' ಎಂದು ಕೂಗಿದಳು.

ಜನ ದಾರಿ ಬಿಟ್ಟರು. ಅವಳು ಓಡಲಿಲ್ಲ, ಓಡಿದರೆ ಆಗುವುದೂ ಇಲ್ಲ. ಹಸಿರು ಬಾಗಿಲು ತಳ್ಳಿ, ಒಳಗಿನಿಂದ ಚಿಲಕ ಹಾಕಿಕೊಂಡಳು. ಸ್ವಲ್ಪ ಹೊತ್ತು ನೋವಲ್ಲದೆ ಬೇರೇನೂ ಇರಲಿಲ್ಲ. ಆಮೇಲೆ ಗವಾಕ್ಷಿಯಿಂದ ಹೊರಗಿನ ಹೆಜ್ಜೆಗಳು ಕೇಳಿದವು, ಪಿಸುಮಾತು, ಬಳೆಯ ಸದ್ದು.

'ಏನಾಯ್ತು ಪದ್ಮಲತಕ್ಕ? ಏನಿದೆಲ್ಲ?' ಹರ್ಷವರ್ಧನರ ಧ್ವನಿ.

'ಏನಿಲ್ಲ ಹರ್ಷಣ್ಣ, ಇಷ್ಟು ದಿನ ಬರೀ ಹೊಟ್ಟೆ ನೋಡು, ಒಮ್ಮೆಗೇ ಕಬ್ಬಿನ ಹಾಲು ಬಿತ್ತಲ್ಲ…'

ಅದೇ ಮಾತು, ಅದೇ ಗವಾಕ್ಷಿ ಎನ್ನಿಸಿತು ಅವಳಿಗೆ. ತೊಳೆದುಕೊಂಡು ಅವಸರವಸರವಾಗಿ ಹೊರಗೆ ಬರುವಷ್ಟರಲ್ಲಿ ಇವರು ಮತ್ತೆ ಹೂವಿಟ್ಟು ಹೋಗಿರುತ್ತಾರೆ. ಅವಳು ಅವಸರ ಮಾಡಲಿಲ್ಲ. ಕೂತಲ್ಲಿಂದಲೇ ಕೂಗಿದಳು.

'ಅತ್ತೇ, ಹೊಟ್ಟೆ ಬರೀ ಇರ್ಲಿಲ್ಲ. ರಕ್ತ ಹೋಗ್ತಿದೆ. ಅವರಿಗೆ ಹೇಳಿ.'

ಗೋಪಾಲಪ್ಪನವರು ಕೆಮ್ಮಿದರು. 'ಆಯ್ತಮ್ಮ, ಆಯ್ತು. ನೀವು ಮೊದಲು ಹೊರಗೆ ಬನ್ನಿ. ಸೋಮವಾರ ಆಫೀಸಲ್ಲಿ ಕೂತು ನಿಧಾನಕ್ಕೆ ಮಾತಾಡಣ.'

'ಈಗ್ಲೇ ಮಾತಾಡಿ ಸರ್. ನಂಗೆ ಇಲ್ಲಿ ಇನ್ನೂ ಹೊತ್ತಾಗತ್ತೆ.'

ಹೊರಗೆ ಮೌನ. ಪರ್ವದ ಮೊದಲ ದಿನ ಜಗಲಿಯಲ್ಲಿ ಬಿದ್ದಿದ್ದಂಥದೇ ಮೌನ. ಆಗಿನಂತೆ ಈಗಲೂ ಅವಳು ಹೊಟ್ಟೆ ಹಿಡಿದು ಕಾದಳು. ಅತ್ತೆಯ ಧ್ವನಿ ಬಂದಾಗ ಅದು ನಡುಗುತ್ತಿತ್ತು, ಆದರೆ ಜೋರಾಗಿತ್ತು.

'ಉಪವಾಸ ಅಂತ ಸುಳ್ಳು ಹೇಳಿದ್ದು ನಾನು ಹರ್ಷಣ್ಣ. ಅವಳಲ್ಲ. ಹೊತ್ತು ಮುಳುಗಿದ ಮೇಲೆ ದಿನಾ ಒಲೆ ಹಚ್ಚಿ ಗಂಜಿ ಕುಡಿಸಿದ್ದೂ ನಾನೇ. ಕಾಯಿಲೆ ಮನುಷ್ಯಳಿಗೆ ಕುಡಿಸದೆ ಏನ್ ಮಾಡ್ಲಿ?'

ತ್ರಿಶಲೆ ಕೊರಳ ಹಾರ ತೆಗೆದು ಬಾಗಿಲ ಮೊಳೆಗೆ ಸಿಕ್ಕಿಸಿದಳು. ಗೋಡೆಗೆ ತಲೆಯಾನಿಸಿ, ಕಣ್ಣು ಮುಚ್ಚಿ, ಹೊರಗೆ ನಿಂತವರಿಗೆಲ್ಲ ಕೇಳುವಂತೆ, 'ಸೋಮವಾರ ಬರಲ್ಲ ಅಂತಾನೂ ಹೇಳಿ ಅತ್ತೆ,' ಎಂದಳು.